ಕಸಿ ಟೊಮೆಟೊದ ಕೆಳಗಿನ ಚಿಗುರು

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ: ಟೊಮೆಟೊ ಹಣ್ಣಿನ ಮೇಲೆ ನನಗೆ ವಿಶೇಷ ಪ್ರೀತಿಯೇನೂ ಇಲ್ಲ. ಸಾರಿನಲ್ಲಿ ಇದ್ದರೆ ಉಣ್ಣುತ್ತೇನೆ. ಇಲ್ಲದಿದ್ದರೆ ಹುಣಸೆಹಣ್ಣು ಇದ್ದೇ ಇದೆ. ಗೋವೆಯ ಮ್ಹಾಪಸಾದಲ್ಲಿರುವ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಪೇಟೆ. ಅಲ್ಲಿ ಬೆಳಗಾವಿಯ ಲಾರಿಯಿಂದ ಅದೇ ಬೆಳಿಗ್ಗೆ ಇಳಿದ ಟೊಮೆಟೊ ಕ್ರೇಟುಗಟ್ಟಲೆ ಬಿದ್ದಿರುತ್ತದೆ. ಹಾಗಿರುವಾಗ ಹಿತ್ತಲಲ್ಲಿ ಆರು ಗಿಡ ನೆಟ್ಟು, ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಎಲೆ ಎತ್ತಿ ಎತ್ತಿ ನೋಡುವವರ ವಿವೇಕದ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಕಳೆದ ನವೆಂಬರಿನಿಂದ ನಾನೂ ಅವರಲ್ಲಿ ಒಬ್ಬಳು. ಹಾಗಾಗಿದ್ದು ಟೊಮೆಟೊದ ಆಸೆಯಿಂದಲ್ಲ, ಬಾಯಿಯ ಚಟದಿಂದ.

ಈ ಚಟಕ್ಕೆ ತರಬೇತಿ ಇದೆ. ಧಾರವಾಡದಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುವಾಗ ಐದು ವರ್ಷ ಚರ್ಚಾಸ್ಪರ್ಧೆಗಳಿಗೆ ಹೋದೆ. ಅಲ್ಲಿ ಚೀಟಿ ಎತ್ತಿಸುತ್ತಾರೆ. 'ಪರ' ಎಂದು ಬಂದರೆ ಪರ, 'ವಿರೋಧ' ಎಂದು ಬಂದರೆ ವಿರೋಧ. ನನಗೆ ಏನನ್ನಿಸುತ್ತದೆ ಎಂದು ಆ ಐದು ವರ್ಷದಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಎದುರಿನವರು ವಾಕ್ಯ ಶುರು ಮಾಡಿದ ಕೂಡಲೇ ಅದು ಎಲ್ಲಿ ಮುಗಿಯಬಹುದೆಂದು ಊಹಿಸಿ, ಮುಗಿಯುವ ಮುಂಚೆಯೇ ಉತ್ತರ ಹೊಂದಿಸಿಕೊಳ್ಳುವುದು ಆ ಆಟದ ಮುಖ್ಯ ವಿದ್ಯೆ. ಬಹುಮಾನದ ಕಪ್ಪುಗಳು ಬಂದವು. ಈಗ ವೆರ್ಣಾದ ಒಂದು ಔಷಧಿ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿದ್ದೇನೆ. ಬೇರೆಯವರು ಸರಿಯಾಗಿದೆ ಎಂದು ಕಳಿಸಿದ್ದನ್ನು ಸರಿಯಿಲ್ಲದಿರಬಹುದು ಎಂದು ನೋಡುವುದೇ ನನ್ನ ಕೆಲಸ. ಅದಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದೇ ಕೆಲಸಕ್ಕೆ ಬೈಗುಳ ಸಿಗುತ್ತದೆ. ಅವ್ವ ನನ್ನನ್ನು ಕರೆಯುವುದೇ 'ವಕೀಲವ್ವಾ' ಎಂದು.

ಅವ್ವನಿಗೆ ಮಾತಿಗಿಂತ ಮಣ್ಣು ಹತ್ತಿರ. ಅವಳದು ಧಾರವಾಡದ ಕಡೆಯ ಎರೆಮಣ್ಣಿನ ಹಳ್ಳಿ. ಮದುವೆಯಾಗಿ ಇಲ್ಲಿಗೆ ಬಂದು ನನ್ನ ವಯಸ್ಸಿಗಿಂತ ಒಂದು ವರ್ಷ ಹೆಚ್ಚಾಯಿತು. ಅಪ್ಪನದು ಪೇಟೆಯಲ್ಲಿ ಚಾದರ, ಟವೆಲುಗಳ ಅಂಗಡಿ. ಅಂಗಡಿಯ ಕಟ್ಟೆಯೇ ಅವನ ಊರು. ಅವ್ವನಿಗೆ ಊರೆಂದರೆ ಬಾಡಿಗೆ ಮನೆಯ ಹಿತ್ತಲಲ್ಲಿ ಗೇಟಿನಿಂದ ಬಾವಿಯವರೆಗೆ ಚಾಚಿಕೊಂಡ, ಎರಡು ಮಂಚದಷ್ಟು ಅಗಲದ ನೆಲದ ಪಟ್ಟಿ. ಸಂಜೆ ಐದರಿಂದ ಏಳರತನಕ ಅವಳು ಅಲ್ಲೇ. ಮೆಂತ್ಯ, ಸಬ್ಬಸಿಗೆ, ರಾಜಗಿರಿ ಚೆನ್ನಾಗಿ ಬರುತ್ತವೆ. ಒಂದು ಹಿಡಿ ಸೊಪ್ಪಿನ ನೆಪದಲ್ಲಿ ಓಣಿಯ ಹೆಂಗಸರು ಬಂದು ಬಾವಿಕಟ್ಟೆಯ ಮೇಲೆ ತಾಸುಗಟ್ಟಲೆ ಕೂಡುತ್ತಾರೆ. ಆ ಪಟ್ಟಿ ಹೋದರೆ ಅವ್ವನಿಗೆ ಉಳಿಯುವುದು ಅಡುಗೆಮನೆ ಮತ್ತು ಟೀವಿ.

ಟೊಮೆಟೊ ಮಾತ್ರ ಬರುತ್ತಿರಲಿಲ್ಲ. ಮೂರು ವರ್ಷ ಹಚ್ಚಿದಳು. ಮೂರು ವರ್ಷವೂ ಒಂದೇ ಕಥೆ: ಗಿಡ ಆಳೆತ್ತರ ಬೆಳೆಯುತ್ತದೆ, ಹೂ ಬಿಡುತ್ತದೆ, ಹೀಚು ಕಾಣಿಸುತ್ತದೆ, ಆಮೇಲೆ ಒಂದು ಮಧ್ಯಾಹ್ನ ಎಲೆಗಳು ಹಸಿರಾಗಿದ್ದಂತೆಯೇ ಜೋತು ಬೀಳುತ್ತವೆ. ನೀರು ಹಾಕಿದರೂ ಏಳುವುದಿಲ್ಲ. ಮೂರನೆಯ ದಿನಕ್ಕೆ ಗಿಡ ಮುಗಿದಿರುತ್ತದೆ.

"ಈ ಮಣ್ಣಿಗೆ ನಾವು ಸೇರೂದಿಲ್ಲ," ಅನ್ನುತ್ತಿದ್ದಳು ಅವ್ವ.

ಮಣ್ಣಿಗೆ ಅಭಿಪ್ರಾಯಗಳಿರುವುದಿಲ್ಲ ಎಂದು ನಾನು ವಿವರಿಸುತ್ತಿದ್ದೆ. ಇಲ್ಲಿಯ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ, ಮೇಲೆ ನಾಲ್ಕು ತಿಂಗಳ ಮಳೆ. ಸೊರಗು ರೋಗದ ಬ್ಯಾಕ್ಟೀರಿಯಾ ಅದರಲ್ಲಿ ಸುಖವಾಗಿರುತ್ತದೆ. ಅದಕ್ಕೆ ಅವ್ವ ಧಾರವಾಡದವಳೋ ಇಲ್ಲೇ ಪಕ್ಕದ ಡಿಚೋಲಿಯವಳೋ ಗೊತ್ತಾಗುವುದಿಲ್ಲ. ಅವ್ವ ಕೇಳಿಸಿಕೊಂಡು, "ಅದನ್ನ ಅಲ್ಲೇನ ನಾನೂ ಹೇಳಿದ್ದು," ಅನ್ನುವಳು.

ನಮ್ಮ ಮನೆಯೊಡತಿ ಮಾರ್ತಾಬಾಯಿ. ಎಪ್ಪತ್ತು ದಾಟಿದ, ಹೂವಿನ ಫ್ರಾಕು ತೊಡುವ, ಇಂಥದ್ದಾಗಬೇಕು ಅಂದರೆ ಅಂಥದ್ದೇ ಆಗಬೇಕು ಅನ್ನುವ ಹೆಂಗಸು. ಅವರ ತಂಗಿಯ ಮಗ ಕಲಂಗುಟಿನಲ್ಲಿ ಪ್ರವಾಸಿಗರಿಗೆ ಸ್ಕೂಟರು ಬಾಡಿಗೆ ಕೊಡುತ್ತಾನೆ; ಅವನಿಗೆ ಗಾಡಿ ನಿಲ್ಲಿಸಲು ಜಾಗ ಬೇಕಿತ್ತು. ಹೋದ ಅಕ್ಟೋಬರಿನಲ್ಲಿ, ಮಳೆ ನಿಂತ ಮೇಲೆ, ಅವರು ಹಿತ್ತಲಿಗೆ ಬಂದು ಅವ್ವನ ಎದುರೇ ಕೈ ಬೀಸಿ ಅಳತೆ ಹಾಕಿದರು. ಅವರ ಕೊಂಕಣಿಯನ್ನು ನಾನು ಕನ್ನಡದಲ್ಲೇ ಕೊಡುತ್ತೇನೆ.

"ಗಂಗಾ, ಇಲ್ಲಿ ಸಿಮೆಂಟ್ ಹಾಕಿಸ್ತೀನಿ. ಸೊಪ್ಪಿಗೆ ನಾಲ್ಕು ಕುಂಡ ಸಾಕು. ಇದೇನು ನೆಲ? ಟೊಮೆಟೊ ಕೂಡ ಬರೂದಿಲ್ಲ. ನಮ್ಮ ಅತ್ತೆ ಸಾಯೋ ತನಕ ಹಚ್ಚಿದಳು, ಒಂದು ಬರಲಿಲ್ಲ."

ಅವ್ವ ಇನ್ನೇನು ಬೇಡಿಕೊಳ್ಳುವವಳಿದ್ದಳು. ಬೇಡಿಕೊಂಡಿದ್ದರೆ ಮಾರ್ತಾಬಾಯಿ ಬಹುಶಃ ಕರಗುತ್ತಿದ್ದರು. ಅವ್ವನ ಸಬ್ಬಸಿಗೆ ಸೊಪ್ಪು ಅವರ ಮನೆಗೂ ಹೋಗುತ್ತಿತ್ತು. ಆದರೆ ನನ್ನ ಕಿವಿಗೆ ಬಿದ್ದದ್ದು ಬೇರೆ. ಎದುರಾಳಿ ತನ್ನ ಇಡೀ ವಾದವನ್ನು ಒಂದೇ ಕಂಬದ ಮೇಲೆ ನಿಲ್ಲಿಸಿದ್ದಾಳೆ, ಆ ಕಂಬ ಟೊಮೆಟೊ.

"ಟೊಮೆಟೊ ಬಂದರೆ?" ಅಂದೆ.

"ಬರೂದಿಲ್ಲ ಬಾಯ್."

"ಬಂದರೆ ಸಿಮೆಂಟ್ ಹಾಕಿಸೋದಿಲ್ಲ ತಾನೆ?"

ಮಾರ್ತಾಬಾಯಿ ನನ್ನನ್ನು ಕೆಳಗಿನಿಂದ ಮೇಲೆ ನೋಡಿದರು. "ಜಾಯ್ತ್, ಆಗಲಿ. ಫೆಬ್ರುವರಿಯ ಕಾರ್ನಿವಾಲ್ ತನಕ ಟೈಮ್. ಒಂದು ಕೈಚೀಲ ತುಂಬ ಟೊಮೆಟೊ ತೋರಿಸು, ಜಾಗ ನಿಮ್ಮದು. ಇಲ್ಲಾಂದ್ರೆ ಮಾರನೇ ವಾರ ಮೇಸ್ತ್ರಿ ಬರ್ತಾನೆ."

ಅವ್ವ ಹಿಂದಿನಿಂದ ನನ್ನ ಸೊಂಟ ಚಿವುಟಿದಳು. ಮಾರ್ತಾಬಾಯಿ ಹೋದ ಮೇಲೆ, "ಸಬ್ಬಸಿಗಿ ಕೊಟ್ಟು ಉಳಿಸ್ಕೋತಿದ್ದೆ ನಾನು. ನೀ ತಮಾಟಿ ಹಚ್ಚಿ ಕಳದಿ," ಅಂದಳು. ನಾನು ಗೆದ್ದಿದ್ದೇನೆ ಎಂದೇ ತಿಳಿದಿದ್ದೆ.

ಶುಕ್ರವಾರ ಮ್ಹಾಪಸಾದ ಸಂತೆ. ಅಲ್ಲಿ ಸಸಿ ಮಾರುವ ರುದ್ರಪ್ಪ ಬೈಲಹೊಂಗಲದ ಕಡೆಯವನು. ನಮ್ಮ ಸಮಸ್ಯೆ ಕೇಳಿ, ಒಂದು ಟ್ರೇಯಿಂದ ಬೆರಳುದ್ದದ ಟೊಮೆಟೊ ಸಸಿ ಎತ್ತಿ ತೋರಿಸಿದ. ಅದರ ಕಾಂಡದ ನಡುವೆ ಒಂದು ಪುಟ್ಟ ಪ್ಲಾಸ್ಟಿಕ್ ಕ್ಲಿಪ್ಪು.

"ಕಸಿ ಕಟ್ಟಿದ್ದರೀ ಇದು. ಕ್ಲಿಪ್ಪಿನ ಮ್ಯಾಲ ತಮಾಟಿ, ಕೆಳಗ ಕಾಡುಬದ್ನಿ. ಕಾಡುಬದ್ನಿ ಬೇರಿಗೆ ಸೊರಗು ರೋಗ ಹತ್ತೂದಿಲ್ಲ."

"ಹತ್ತೂದಿಲ್ಲ ಅಂತ ಹೆಂಗ ಹೇಳ್ತೀರಿ?"

"ಹತ್ತೂದಿಲ್ಲರೀ, ಅದಕ್ಕ ಹೇಳ್ತೀನಿ."

"ಅದು ಕಾರಣ ಅಲ್ಲ ರುದ್ರಪ್ಪಾ. ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದಿರಿ."

ರುದ್ರಪ್ಪ ಅವ್ವನ ಕಡೆ ನೋಡಿದ. ಅವ್ವ ಆಕಾಶ ನೋಡಿದಳು. "ಇರ್ಲಿ, ಎರಡ ಮಾತು ನೆನಪಿಡ್ರಿ," ಎಂದು ಅವನು ಬೆರಳು ಎತ್ತಿದ. "ಒಂದು, ಕ್ಲಿಪ್ಪಿನ ಈ ಜೋಡು ಐತೆಲ್ಲಾ, ಇದು ಮಣ್ಣಾಗ ಹೂಳಬಾರದು. ಎರಡು, ಜೋಡಿನ ಕೆಳಗ—"

"ಯಾಕ ಹೂಳಬಾರದು?" ಅಂದೆ.

ಹೂತರೆ ಮೇಲಿನ ಟೊಮೆಟೊ ಕಾಂಡವೇ ಬೇರು ಬಿಡುತ್ತದೆ, ಆ ಬೇರಿನಿಂದ ರೋಗ ಏರುತ್ತದೆ, ಕಸಿ ಕಟ್ಟಿದ್ದು ವ್ಯರ್ಥ ಎಂದು ಅವನು ಸಮಾಧಾನದಿಂದ ವಿವರಿಸಿದ. ಇದು ತರ್ಕಬದ್ಧವಾಗಿತ್ತು, ಹಾಗಾಗಿ ನಾನು ಇನ್ನೂ ಮೂರು ಪ್ರಶ್ನೆ ಕೇಳಿದೆ. ಅಷ್ಟರಲ್ಲಿ ಮಲ್ಲಿಗೆ ಬಳ್ಳಿ ಕೇಳಿಕೊಂಡು ಇಬ್ಬರು ಬಂದರು. ರುದ್ರಪ್ಪ ನಮ್ಮ ಆರು ಸಸಿಗಳನ್ನು ಚೀಲಕ್ಕೆ ಹಾಕಿ ಕೈಗೆ ಕೊಟ್ಟ. ಅವನ ಎರಡನೆಯ ಬೆರಳು ಮಡಿಚಿಹೋದದ್ದನ್ನು ನಾನು ನೋಡಿದೆ. ಅದರಲ್ಲೇನೋ ಇತ್ತು ಅನ್ನುವುದು ಮಾತ್ರ ಹೊಳೆಯಲಿಲ್ಲ.

ಕಸಿಯೇನೂ ಗೋವೆಗೆ ಹೊಸದಲ್ಲ. ಇಲ್ಲಿಯ ಹೆಸರಾಂತ ಮಾವುಗಳೆಲ್ಲ ಕಸಿಯವೇ. ಪಾದ್ರಿಗಳು ಶುರು ಮಾಡಿದ್ದೆಂದು ಹೇಳುತ್ತಾರೆ. ಟೊಮೆಟೊ ಕೂಡ ಪೋರ್ಚುಗೀಸರ ಹಡಗಿನಲ್ಲೇ ಈ ದೇಶಕ್ಕೆ ಬಂತಂತೆ. ಹಾಗಿದ್ದರೆ ಅದು ಮೊದಲು ಇಳಿದದ್ದು ಇದೇ ಕರಾವಳಿಯಲ್ಲೇ ಇರಬೇಕು, ಮೊದಲು ಬಾಡಿದ್ದೂ ಇಲ್ಲೇ. ಆಮೇಲೆ ಘಟ್ಟ ಹತ್ತಿ ನಮ್ಮ ಕಡೆ ಹೋಗಿ ಚೇತರಿಸಿಕೊಂಡು, ಈಗ ಲಾರಿಯಲ್ಲಿ ವಾಪಸು ಬರುತ್ತಿದೆ. ಇದು ನನ್ನ ಊಹೆ, ಯಾರೂ ನಂಬಬೇಕಾಗಿಲ್ಲ. ಬದನೆಯೂ ಟೊಮೆಟೊವೂ ಒಂದೇ ಬಳಗ ಅನ್ನುವುದು ಮಾತ್ರ ಖರೇ; ಅದಕ್ಕೇ ಒಂದರ ಕಾಂಡ ಇನ್ನೊಂದರ ಬೇರಿಗೆ ಕೂಡಿಕೊಳ್ಳುತ್ತದೆ.

ಅದೇ ನವೆಂಬರಿನಲ್ಲಿ ಇಲ್ಲಿಯ ಕನ್ನಡಿಗರ ರಾಜ್ಯೋತ್ಸವ ಸಮಾರಂಭಕ್ಕೆ ಹೋಗಿದ್ದೆವು. ಅಪ್ಪನ ಗೆಳೆಯರೊಬ್ಬರು ಶಾಲು ಸರಿಮಾಡಿಕೊಂಡು, "ನಾವು ಗೋವೆಯ ಬೇರಿಗೆ ಕಸಿ ಕಟ್ಟಿದ ಕನ್ನಡದ ಕೊಂಬೆಗಳು," ಎಂದರು. ಜೋರು ಚಪ್ಪಾಳೆ. ನನ್ನ ಮನೆಯಲ್ಲಿ ಆಗತಾನೇ ಆರು ಕಸಿ ಗಿಡ ಬಂದಿದ್ದರಿಂದ ಸುಮ್ಮನಿರಲಾಗಲಿಲ್ಲ. ಊಟದ ಸಾಲಿನಲ್ಲಿ ಅವರನ್ನು ಹಿಡಿದು, ಕಸಿ ಕಟ್ಟಲು ಬೇರಿನ ಗಿಡದ ತಲೆ ಕತ್ತರಿಸಬೇಕಾಗುತ್ತದೆ, ಗೋವೆಯವರ ಎದುರು ಈ ಉಪಮೆ ಬಳಸಬೇಡಿ ಎಂದೆ. ಅವರು ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು. ವಾದದಲ್ಲಿ ಸೋತವರು ಹೋಳಿಗೆ ಕೊಡುತ್ತಾರೆಂದು ಆಗ ತಿಳಿದೆ. ಹೋಳಿಗೆ ಬಾಯಿ ಮುಚ್ಚಿಸಲಿಕ್ಕೂ ಕೊಡುತ್ತಾರೆ ಎಂದು ಆಮೇಲೆ ಅಪ್ಪ ಹೇಳಿದ.

ಗಿಡಗಳ ವಿಷಯಕ್ಕೆ ಬರುತ್ತೇನೆ. ಸಸಿ ನೆಡುವ ದಿನ ನಾನು ಒಂದು ಪ್ರಯೋಗ ಸೂಚಿಸಿದೆ. ಗೇಟಿನ ಕಡೆಯ ಮೂರು ಗಿಡ ಅವ್ವನವು, ಬಾವಿಯ ಕಡೆಯ ಮೂರು ನನ್ನವು. ಅವಳು ಅವಳ ಪದ್ಧತಿಯಲ್ಲಿ ನೋಡಿಕೊಳ್ಳಲಿ, ನಾನು ತಿಳಿವಳಿಕೆಯಿಂದ ನೋಡಿಕೊಳ್ಳುತ್ತೇನೆ. ಕಾರ್ನಿವಾಲಿನ ಹೊತ್ತಿಗೆ ಯಾರದು ಸರಿ ಎಂದು ಗೊತ್ತಾಗುತ್ತದೆ. ಜೋಡು ಹೂಳಬಾರದು ಎಂಬ ಒಂದು ನಿಯಮ ಮಾತ್ರ ಇಬ್ಬರಿಗೂ. ಅವ್ವ ತಲೆಯಾಡಿಸಿದಳು. ಅವಳ ತಲೆಯಾಡಿಸುವಿಕೆಗೆ ಒಪ್ಪಿಗೆ ಎಂಬ ಒಂದೇ ಅರ್ಥವಿದೆಯೆಂದು ನಾನು ಊಹಿಸಬಾರದಿತ್ತು.

ಯಾಕೆಂದರೆ ಎರೆಮಣ್ಣಿನವರಿಗೆ ಟೊಮೆಟೊ ಎಂದರೆ ಮಣ್ಣು ಏರಿಸುವುದು. ಗಿಡ ಒಂದು ಗೇಣು ಬಂದ ಕೂಡಲೇ ಬುಡಕ್ಕೆ ಮಣ್ಣು ಎಳೆದು, ಕುತ್ತಿಗೆಯವರೆಗೆ ಏರಿಸಿ, ಅಂಗೈಯಿಂದ ತಟ್ಟಿ ಕೂಡಿಸುತ್ತಾರೆ. ಅವ್ವ ಅದನ್ನು ಕೂಸಿಗೆ ಕೌದಿ ಹೊದಿಸಿದಂತೆ ಮಾಡುತ್ತಾಳೆ. ಡಿಸೆಂಬರಿನ ಒಂದು ಸಂಜೆ ಕಂಪನಿ ಬಸ್ಸು ಬೇಗ ಬಂತು. ಹಿತ್ತಲಿಗೆ ಹೋದರೆ ಅವ್ವನ ಎರಡು ಗಿಡಗಳ ಕ್ಲಿಪ್ಪು ಇದ್ದ ಜಾಗ ಮಣ್ಣಿನೊಳಗೆ ಹೋಗಿದೆ, ಮೂರನೆಯದಕ್ಕೂ ಮಣ್ಣೆಳೆಯಲು ಕುರ್ಪಿ ಹಾಕಿದ್ದಾಳೆ.

"ಅವ್ವಾ!"

"ಏನವಾ, ಥಂಡಿ ಶುರುವಾತು. ಬರಿಗಾಲಾಗ ನಿಂತಂಗ ಕಾಣಾಕತ್ತಿದ್ವು."

ಬಿಡಿಸಿ ತೋರಿಸೋಣವೆಂದರೆ ಆ ಎರಡೂ ಆಗಲೇ ಬೇರು ಬಿಟ್ಟಿದ್ದವು. ಏರಿಸಿ ಎರಡು ವಾರವಾಗಿತ್ತಂತೆ. ಮೂರನೆಯದನ್ನು ನಾನು ಪಾರು ಮಾಡಿದೆ. ಹೊಸ ವರ್ಷದ ಮೊದಲ ವಾರ ಆ ಎರಡು ಗಿಡ, ಹಿಂದಿನ ಮೂರು ವರ್ಷದವುಗಳಂತೆಯೇ, ಒಂದು ಮಧ್ಯಾಹ್ನ ಹಸಿರಾಗಿಯೇ ಜೋತುಬಿದ್ದವು. ಒಂದರ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟೆ. ಕತ್ತರಿಸಿದ ಬಾಯಿಂದ ಊದಿನಕಡ್ಡಿಯ ಹೊಗೆಯಂಥ ಬಿಳಿ ಎಳೆ ನಿಧಾನ ಕೆಳಗಿಳಿಯಿತು. ಅದೇ ಬ್ಯಾಕ್ಟೀರಿಯಾ. ಅವ್ವನನ್ನು ಕರೆದು ತೋರಿಸಿದೆ. ಅವಳು ಬಹಳ ಹೊತ್ತು ಲೋಟ ನೋಡಿದಳು.

"ಇದನ್ನ ನನ್ನ ಗಿಡ ಕುಡದಿತ್ತಲ್ಲ," ಅಂದಳು. ನನ್ನಂತೆ "ನೋಡಿದ್ಯಾ, ನಾ ಹೇಳಿರಲಿಲ್ಲೇನು," ಎಂದು ಹೇಳುವ ಜಾಗದಲ್ಲಿ ಅವಳಿದ್ದಿದ್ದರೆ ಹೇಳುತ್ತಿದ್ದಳೋ ಏನೋ. ಆ ಜಾಗದಲ್ಲಿ ಇದ್ದವಳು ನಾನು. ಹೇಳಿದೆ.

ಅಷ್ಟು ಹೊತ್ತಿಗೆ ನನ್ನ ಮೂರು ಗಿಡಗಳು ಓಣಿಯ ಸುದ್ದಿಯಾಗಿದ್ದವು. ಎಂಥ ಬೆಳವಣಿಗೆ! ಜೋಡಿನ ಕೆಳಗಿನಿಂದಲೂ ದಪ್ಪ ದಪ್ಪ ಚಿಗುರು ಎದ್ದು, ಒಂದೊಂದೂ ಮೂಲ ಕಾಂಡಕ್ಕಿಂತ ಗಟ್ಟಿಯಾಗಿ, ಅಗಲ ಎಲೆ ಬಿಟ್ಟು ನಿಂತಿದ್ದವು. ಅವ್ವ ತನ್ನ ಉಳಿದ ಒಂದು ಗಿಡದಲ್ಲಿ ಅಂಥ ಚಿಗುರು ಬಂದಾಗಲೆಲ್ಲ ಹೆಬ್ಬೆರಳಿನಿಂದ ಟಕ್ಕನೆ ಮುರಿದು ಬಿಸಾಕುತ್ತಿದ್ದಳು. ಅವಳ ಗಿಡ ಬಡಕಲಾಗಿ ಕಾಣುತ್ತಿತ್ತು.

"ಇದು ತಮಾಟಿ ಎಲಿ ಅಲ್ಲಲೇ," ಎಂದಳು ಒಂದು ಸಂಜೆ, ನನ್ನ ಗಿಡದ ಮುಂದೆ ನಿಂತು. "ಮುಳ್ಳು ನೋಡು. ಮುರಿ ಅದನ್ನ."

ಇಲ್ಲಿ ನಾನು ಮಾಡಿದ ವಾದವನ್ನು ಪೂರ್ತಿ ಕೊಡಲು ನಾಚಿಕೆಯಾಗುತ್ತದೆ, ಸಾರಾಂಶ ಮಾತ್ರ ಕೊಡುತ್ತೇನೆ. ಎಲೆ ಹೆಚ್ಚಾದರೆ ಆಹಾರ ಹೆಚ್ಚು, ಆಹಾರ ಹೆಚ್ಚಾದರೆ ಹಣ್ಣು ಹೆಚ್ಚು. ಎರಡು ಗಿಡ ಕೂಡಿದಾಗ ಎಲೆಯ ರೂಪ ಮಿಶ್ರವಾಗುವುದು ಸಹಜ. ಮುಳ್ಳು ರೋಗನಿರೋಧಕ ಶಕ್ತಿಯ ಲಕ್ಷಣ. ಮತ್ತು ಕೊನೆಯದಾಗಿ, ಮಣ್ಣು ಏರಿಸಿ ಎರಡು ಗಿಡ ಕೊಂದವರಿಂದ ಸಲಹೆ ತೆಗೆದುಕೊಳ್ಳುವುದು ಹೇಗೆ? ಮೊದಲ ಮಾತು ಅರ್ಧ ಸತ್ಯ, ಎರಡನೆಯದೂ ಮೂರನೆಯದೂ ಆ ಕ್ಷಣದಲ್ಲಿ ನನ್ನ ಬಾಯಲ್ಲಿ ಹುಟ್ಟಿದವು. ನಾಲ್ಕನೆಯದು ವಾದವೇ ಅಲ್ಲ. ಆದರೆ ಎಲ್ಲ ಒಳ್ಳೆಯ ಓಟದಲ್ಲಿ ಬಂದವು, ದನಿ ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಿತು.

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಆತವಾ. ನಿನಗ ಗೊತ್ತಿರ್ಬೇಕು," ಎಂದು ಒಳಗೆ ಹೋದಳು.

ನಾನು ಗೆದ್ದ ಚರ್ಚೆಗಳಲ್ಲಿ ಅದು ಅತ್ಯುತ್ತಮವಾದದ್ದು. ಎದುರಾಳಿ ಸರಿಯಿದ್ದಳು, ಕಣ್ಣೆದುರು ಪುರಾವೆ ಇತ್ತು, ಆದರೂ ಗೆದ್ದೆ. ನನ್ನ ಜೊತೆ ಸ್ಪರ್ಧಿಸಿದವರಿಗೆ ಇದರ ಬೆಲೆ ಗೊತ್ತು.

ಜನವರಿ ಮುಗಿಯುವ ಹೊತ್ತಿಗೆ ನನ್ನ ಗಿಡಗಳ ತುದಿಯಲ್ಲಿದ್ದ ಟೊಮೆಟೊ ಭಾಗ ಸೊರಗತೊಡಗಿತು. ರೋಗದ ಸೊರಗಲ್ಲ, ಉಪವಾಸದ್ದು. ಎಲೆ ಹಳದಿಯಾಗಿ, ಹೂ ಉದುರಿ, ಕಡ್ಡಿಯಾಗುತ್ತ ಬಂತು. ಕೆಳಗಿನ ಚಿಗುರುಗಳು ಮಾತ್ರ ನನ್ನ ಎದೆಯ ಮಟ್ಟಕ್ಕೆ ಬಂದು, ಬಿಳಿ ಹೂ ಬಿಟ್ಟು, ಆಮೇಲೆ ಬಟಾಣಿ ಗಾತ್ರದ ಹಸಿರು ಕಾಯಿಗಳನ್ನು ಗೊಂಚಲು ಗೊಂಚಲಾಗಿ ತೋರಿಸಿದವು. ಆ ಕಾಯಿಯನ್ನು ಟೊಮೆಟೊ ಎಂದು ವಾದಿಸಲು ನನ್ನಿಂದಲೂ ಆಗಲಿಲ್ಲ.

ಶುಕ್ರವಾರ ರಜೆ ಹಾಕಿ ರುದ್ರಪ್ಪನಲ್ಲಿಗೆ ಹೋದೆ, ಜಗಳಕ್ಕೆ ಸಿದ್ಧಳಾಗಿ. ಒಂದು ಟೊಂಗೆಯನ್ನೂ ಸಾಕ್ಷಿಗೆ ಒಯ್ದಿದ್ದೆ.

"ಇದೇನು ಕೊಟ್ಟೀರಿ ನಮಗ? ತಮಾಟಿ ಅಂದು ಕಾಡುಬದ್ನಿ ಕೊಟ್ಟೀರಿ."

ಅವನು ಟೊಂಗೆ ತಿರುಗಿಸಿ ನೋಡಿದ. "ಜೋಡಿನ ಕೆಳಗಿನ ಚಿಗುರು ಮುರೀಲಿಲ್ಲೇನ್ರಿ?"

"ಮುರೀಬೇಕು ಅಂತ ನೀವು ಹೇಳಲಿಲ್ಲ."

"ಹೇಳಾಕ ಬಿಟ್ರೇನ್ರಿ ಅಕ್ಕಾರ?" ರುದ್ರಪ್ಪ ಪಕ್ಕದ ತೆಂಗಿನಕಾಯಿ ಅಂಗಡಿಯವನಿಗೂ ಕೇಳುವಂತೆ ದನಿ ಎತ್ತಿದ. "ಎರಡ ಮಾತು ಅಂದೆ. ಒಂದು ಹೇಳೂದ್ರಾಗ ನಾಕು ಪ್ರಶ್ನಿ ಕೇಳಿದ್ರಿ. ಇನ್ನೊಂದು ನನ್ನ ಬಾಯಾಗ ಉಳೀತು. ಬೇರಿನ ಗಿಡ ಜೋರು ಇರ್ತೈತ್ರಿ, ಅದಕ್ಕ ಅಲ್ಲೇನು ಅದನ್ನ ಕೆಳಗ ಇಡೂದು. ತನ್ನ ಚಿಗುರು ಬಿಟ್ಟಕೋತ ಹ್ವಾದ್ರ ಮ್ಯಾಲಿನವನಿಗೆ ಯಾಕ ಅನ್ನ ಹಾಕ್ತೈತಿ? ನಿಮ್ಮ ಅವ್ವಾರಿಗೆ ಗೊತ್ತಿರಬೇಕಲ್ಲ."

ಅವ್ವನಿಗೆ ಗೊತ್ತಿತ್ತು. ಮನೆಗೆ ಬಂದು ಚಿಗುರುಗಳನ್ನೆಲ್ಲ ಕತ್ತರಿಸಿದೆ. ತಡವಾಗಿತ್ತು, ಮೇಲಿನ ಟೊಮೆಟೊ ಮೂರೂ ಒಣಗಿದವು. ಕಾಡುಬದನೆಯ ಮೋಟುಗಳು ಉಳಿದವು, ವಾರದೊಳಗೆ ಮತ್ತೆ ಚಿಗುರಿದವು. ನಾನು ಅವ್ವನಿಗೆ ಸಂತೆಯ ಕಥೆಯನ್ನು ಹೇಳಿದಾಗ ಅವಳು ಹಿಟ್ಟು ನಾದುತ್ತಿದ್ದಳು. "ನಾ ಇನ್ನೊಂದ ಸಲ ಹೇಳ್ಬೇಕಿತ್ತು," ಅಂದಳು. ಇದು ನನ್ನನ್ನು ಬೈಯುವುದಕ್ಕಿಂತ ಕೆಟ್ಟದಾಗಿತ್ತು.

ಲೆಕ್ಕ ಹೀಗೆ ನಿಂತಿತು: ಅವ್ವನ ಕಡೆ ಎರಡು ಸಾವು, ಒಂದು ಗಿಡ, ನನ್ನ ಕಡೆ ಟೊಮೆಟೊ ಶೂನ್ಯ, ಕಾಡುಬದನೆ ಮೂರು. ಅವ್ವನ ಆ ಒಂದು ಗಿಡ ಮಾತ್ರ, ಕೆಳಗೆ ಏನೂ ಇಲ್ಲದೆ ಬೋಳಾಗಿ, ಮೇಲೆ ಗೊಂಚಲು ಹೊತ್ತು ಬಾಗಿತ್ತು. ಅದಕ್ಕೆ ಎರಡು ಬಿದಿರು ಕೋಲು ಕೊಟ್ಟೆವು. ಹಣ್ಣು ಕೀಳುವ ಮುಂಚೆ ಅವ್ವ ಪ್ರತಿಯೊಂದನ್ನೂ ಅಂಗೈಯಲ್ಲಿ ತೂಗಿ ನೋಡುತ್ತಿದ್ದಳು. ಕಾರ್ನಿವಾಲಿನ ಶನಿವಾರದ ಹೊತ್ತಿಗೆ ಅಡುಗೆಮನೆಯ ಕೈಚೀಲ ಅರ್ಧ ತುಂಬಿತ್ತು.

ನಾನು ಮಾರ್ತಾಬಾಯಿಗಾಗಿ ತಯಾರಾಗಿದ್ದೆ. 'ಕೈಚೀಲ' ಎಂದರೆ ಯಾವ ಗಾತ್ರದ್ದೆಂದು ಒಪ್ಪಂದದಲ್ಲಿ ಹೇಳಿರಲಿಲ್ಲ. 'ಬರುವುದು' ಎಂಬುದರ ವ್ಯಾಖ್ಯೆಯೂ ಇರಲಿಲ್ಲ. ಕಾಡುಬದನೆಯನ್ನು ಟೊಮೆಟೊದ ದಾಯಾದಿಯಾಗಿ ಪರಿಗಣಿಸಬಹುದೇ ಎಂಬ ಪ್ರಶ್ನೆಯನ್ನು ಎತ್ತುವ ಯೋಚನೆಯೂ ಇತ್ತು. ಮಾರ್ತಾಬಾಯಿ ಸಂಜೆಯ ಮೆರವಣಿಗೆಗೆಂದು ಹೊಸ ಫ್ರಾಕು ಹಾಕಿಕೊಂಡು, ಅವಸರದಲ್ಲಿ ಬಂದರು. ನಾನು ಬಾಯಿ ತೆರೆದೆ.

"ನೀ ಸುಮ್ನಿರು," ಎಂದು ಅವ್ವ ಚೀಲ ಎತ್ತಿಕೊಂಡು ಮುಂದೆ ಹೋದಳು. ತನ್ನ ಧಾರವಾಡದ ಕೊಂಕಣಿಯಲ್ಲಿ, ಒಂದೊಂದು ಗಿಡದ ಮುಂದೆ ನಿಂತು ಹೇಳಿದಳು:

"ಮಾರ್ತಾಬಾಯಿ, ಈ ಎರಡು ನನ್ನ ಕೈಯಾಗ ಸತ್ತವು. ಮಣ್ಣು ಏರಿಸಬಾರದಿತ್ತು, ಏರಿಸಿದೆ. ಆ ಮೂರು ಇಕಿ ಕೈಯಾಗ ಕೆಟ್ಟವು. ಚಿಗುರು ಮುರೀಬೇಕಿತ್ತು, ಮುರೀಲಿಲ್ಲ. ಇದೊಂದು ಬಂತು. ಚೀಲ ತುಂಬಿಲ್ಲ, ಅರ್ಧ ಐತಿ. ನೋಡ್ರಿ."

ಮಾರ್ತಾಬಾಯಿ ಚೀಲದೊಳಗೆ ಕೈ ಹಾಕಿ ಒಂದು ಹಣ್ಣು ತೆಗೆದರು. ಮೂಸಿದರು. ಫ್ರಾಕಿಗೆ ತಾಗದಂತೆ ಮುಂದೆ ಬಾಗಿ ಒಂದು ಕಚ್ಚು ಕಚ್ಚಿದರು. "ಸಾಯ್ಬಾ! ಇದೇ ನೆಲದ್ದಾ?" ಅಂದರು. ಆಮೇಲೆ ಆ ಬರಿದಾದ ಎರಡು ಗುಂಡಿಗಳನ್ನು ನೋಡುತ್ತ, "ನಮ್ಮ ಅತ್ತೆಯೂ ಮಣ್ಣು ಏರಿಸ್ತಿದ್ದಳು," ಅಂದರು. ಅವರ ಅತ್ತೆಯದು ಕಸಿ ಗಿಡವಲ್ಲ, ಏರಿಸಿದರೂ ಬಿಟ್ಟರೂ ಅದು ಸಾಯುತ್ತಲೇ ಇತ್ತು. ಇಲ್ಲಿ ತರ್ಕದೋಷವಿದೆ ಎಂದು ನನ್ನ ನಾಲಿಗೆ ತುದಿಗೆ ಬಂದಿತ್ತು. ಅವ್ವ ತಿರುಗಿ ನೋಡಿದಳು. ನುಂಗಿಕೊಂಡೆ.

ಮಾರ್ತಾಬಾಯಿ ಹಣ್ಣು ಪೂರ್ತಿ ತಿಂದು ತೀರ್ಪು ಕೊಟ್ಟರು: "ಅರ್ಧ ಚೀಲ, ಅರ್ಧ ಜಾಗ. ಯಾವ ಅರ್ಧ ಬೇಕು, ನೀನೇ ಹೇಳು ಗಂಗಾ."

ಚರ್ಚಾಸ್ಪರ್ಧೆಯ ಐದು ವರ್ಷದಲ್ಲಿ ಇಷ್ಟು ಚಿಕ್ಕ, ಇಷ್ಟು ಸರಿಯಾದ ತೀರ್ಪನ್ನು ನಾನು ಯಾವ ತೀರ್ಪುಗಾರರಿಂದಲೂ ಕೇಳಿರಲಿಲ್ಲ.

ಉತ್ತರ ಸ್ಪಷ್ಟವಿತ್ತು. ಗೇಟಿನ ಕಡೆ ಹಣ್ಣು ತುಂಬಿದ ಗಿಡವಿದೆ, ಬಾವಿಯ ಕಡೆ ನನ್ನ ಮೂರು ಮುಳ್ಳಿನ ಮೋಟುಗಳು. ಅವ್ವ ಬಾವಿಯ ಕಡೆ ಕೈ ತೋರಿಸಿದಳು.

"ಅವ್ವಾ, ಹಣ್ಣಿನ ಗಿಡ ಆ ಕಡೆ ಐತಿ!" ಅಂದೆ, ಮಾರ್ತಾಬಾಯಿ ಗೇಟು ದಾಟುವ ಮುಂಚೆಯೇ.

"ಆ ಗಿಡ ಬ್ಯಾಸಗಿಗೆ ಮುಗೀತೈತಿ. ಹೆಂಗೂ ಹೋಗೂದು. ಇವು ನೋಡು," ಎಂದು ಒಂದು ಮೋಟನ್ನು ಹಿಡಿದು ಜಗ್ಗಿದಳು. ಅದು ಅಲುಗಲಿಲ್ಲ. "ನೀ ಮೂರು ತಿಂಗಳು ಉಣಿಸಿ ಬೆಳಿಸಿದ ಬೇರು. ಸೊರಗು ಇದಕ್ಕ ಹತ್ತೂದಿಲ್ಲ ಅಂದಾನ ರುದ್ರಪ್ಪ. ತಲಿ ಇಲ್ಲ ಅಷ್ಟ. ತಲಿ ನಾವು ಹಚ್ಚೂಣು."

ಅವಳು ಹೇಳಿದ್ದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೇಸ್ತ್ರಿ ಬರುವುದು ಸೋಮವಾರ. ಭಾನುವಾರ ಬೆಳಿಗ್ಗೆ, ಗೇಟಿನ ಕಡೆಯ ಗಿಡದಿಂದ ಎಳೆಯ ತುದಿಗಳನ್ನು ಕತ್ತರಿಸಿ ತಂದು, ಕಾಡುಬದನೆಯ ಹೊಸ ಚಿಗುರುಗಳಿಗೆ ತಾನೇ ಕಸಿ ಕಟ್ಟುವುದು ಅವಳ ಯೋಜನೆ. ಎಲ್ಲಿಯೂ ಕಲಿತದ್ದಲ್ಲ, ರುದ್ರಪ್ಪನ ಕ್ಲಿಪ್ಪು ಬಿಚ್ಚಿಬಿದ್ದ ಮೇಲೆ ಆ ಗಾಯದ ಗುರುತನ್ನು ದಿನಾ ನೋಡಿದ್ದಳು, ಅಷ್ಟೇ.

ಇದು ಯಾಕೆ ಆಗುವುದಿಲ್ಲ ಎಂಬುದಕ್ಕೆ ನನ್ನ ಬಳಿ ಆರು ಕಾರಣಗಳಿದ್ದವು. ಬ್ಲೇಡು ಶುದ್ಧವಿಲ್ಲ, ಕಾಂಡಗಳ ದಪ್ಪ ಹೊಂದುವುದಿಲ್ಲ, ಫೆಬ್ರುವರಿಯ ಬಿಸಿಲಿಗೆ ತುದಿ ಒಂದು ತಾಸಿನಲ್ಲಿ ಬಾಡುತ್ತದೆ, ಇನ್ನೂ ಮೂರು. ಅವ್ವ ಬ್ಲೇಡನ್ನು ಬಿಸಿನೀರಿಗೆ ಹಾಕಿದಳು, ದಪ್ಪ ಹೊಂದುವ ಟೊಂಗೆಗಳನ್ನೇ ಆರಿಸಿದಳು, ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು ಮುಸುಕಿಗೆ ಇಟ್ಟುಕೊಂಡಳು. ಉಳಿದ ಮೂರಕ್ಕೆ, "ಆಗೂದಿಲ್ಲ ಅಂತ ಬರದಿಡು, ಆಮ್ಯಾಲ ನೋಡೂಣು. ಈಗ ಇದನ್ನ ಹಿಡಿ," ಅಂದಳು.

ಹಿಡಿದೆ. ಕೆಳಗಿನ ಸೀಳಿನಲ್ಲಿ ಮೇಲಿನ ಮೊನೆ ಕೂತಿರಬೇಕು. ಒಂದು ಕೂದಲೆಳೆ ಸರಿದರೂ ಕೆಟ್ಟಿತು. ಅವ್ವ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಗಂಟು ಹಾಕುವವರೆಗೆ ಎರಡೂ ಕೈಯನ್ನು ಅಲುಗಿಸದೆ ಕೂತಿರಬೇಕಾಯಿತು. ಮಾತಾಡಿದರೆ ನನ್ನ ಕೈ ತಾನಾಗಿ ಅಲುಗುತ್ತದೆ. ಅದು ನನಗೆ ಆವತ್ತೇ ಗೊತ್ತಾದದ್ದು. ಹಾಗಾಗಿ ಮೂರು ಗಿಡ ಮುಗಿಯುವ ತನಕ ನಾನು ಏನೂ ಹೇಳಲಿಲ್ಲ. ಅವ್ವ ಮಾತ್ರ ಏನೇನೋ ಹೇಳುತ್ತಿದ್ದಳು: ಅವಳ ಹಳ್ಳಿಯಲ್ಲಿ ಯಾರು ಯಾವ ಹೊಲದಲ್ಲಿ ಏನು ಬಿತ್ತುತ್ತಿದ್ದರು, ಇಲ್ಲಿಗೆ ಬಂದ ಮೊದಲ ವರ್ಷ ಈ ಕೆಂಪು ಮಣ್ಣು ನೋಡಿ ಇದು ಇಟ್ಟಂಗಿಯ ಪುಡಿ ಎಂದುಕೊಂಡು ಅತ್ತದ್ದು. ಇಪ್ಪತ್ತಾರು ವರ್ಷದಲ್ಲಿ ಈ ಮಾತು ನಾನು ಕೇಳಿರಲಿಲ್ಲ. ಅವಳು ಹೇಳಿರಲಿಲ್ಲವೋ, ಹೇಳಲು ಹೊರಟಾಗ ನಾನು ನಡುವೆ ಬಾಯಿ ಹಾಕಿದ್ದೆನೋ, ತನಿಖೆ ಮಾಡಬೇಕಾದ ವಿಷಯ.

ಗೇಟಿನ ಕಡೆ ಈಗ ಸಿಮೆಂಟಿನ ಮೇಲೆ ನಾಲ್ಕು ಸ್ಕೂಟರುಗಳು ನಿಂತಿರುತ್ತವೆ. ಬಾವಿಯ ಕಡೆ ಸೊಪ್ಪಿನ ಮಡಿ, ಬಾವಿಕಟ್ಟೆಯ ಮೇಲೆ ಹೆಂಗಸರು, ಮತ್ತು ಅವ್ವನ ಮೂರು ಕಸಿಗಳು. ಎರಡರ ತಲೆ ನಾಲ್ಕೇ ದಿನಕ್ಕೆ ಕಪ್ಪಾಗಿ ಉದುರಿತು. ಮೂರನೆಯದು ಹಿಡಿದಿದೆ. ಜೋಡಿನ ಸುತ್ತ ಗಂಟು ಕಟ್ಟಿ, ಈ ಏಪ್ರಿಲ್ಲಿನ ಸೆಕೆಯಲ್ಲೂ ಮೇಲೆ ಹಳದಿ ಹೂ ಬಿಟ್ಟಿದೆ. ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಕೆಳಗಿನ ಚಿಗುರು ಮುರಿಯುವುದು ನನ್ನ ಪಾಲಿನ ಕೆಲಸ. ಅವ್ವ ಓಣಿಯಲ್ಲಿ ಸಿಕ್ಕವರಿಗೆಲ್ಲ, "ಈ ಮಣ್ಣಾಗ ತಮಾಟಿ ಬರ್ತೈತಿ ನೋಡ್ರಿ, ನಾನ ಕಸಿ ಕಟ್ಟೀನಿ," ಎಂದು ಹೇಳುತ್ತಿದ್ದಾಳೆ.

ಒಂದು ಗಿಡದಿಂದ ಏನೂ ಸಾಬೀತಾಗುವುದಿಲ್ಲ. ಇದನ್ನು ಅವಳಿಗೆ ನಾನು ಇನ್ನೂ ಹೇಳಿಲ್ಲ.